16 ಇಂಚಿನ ಮಡಚುವ ಸೈಕಲ್: ಏರಿನಲ್ಲಿ ಟಕ್‌ಟಕ್ ಸದ್ದು, ಇಳಿಜಾರಿನಲ್ಲಿ ಹ್ಯಾಂಡಲ್ ನಡುಕ, ಸೀಟು ಕುಸಿತ, ವಾಲ್ವ್ ಬುಡದಲ್ಲೇ ಪಂಕ್ಚರ್

ಪುಟ್ಟಗಾಲಿ

ನಮಸ್ಕಾರ. ಅಲ್ಯೂಮಿನಿಯಂ ಫ್ರೇಮಿನ ಮಡಚುವ ಸೈಕಲ್, ತೂಕ ಸುಮಾರು 11 ಕೆಜಿ. ಟೈರಿನ ಪಕ್ಕದಲ್ಲಿ 47-305 ಎಂದಿದೆ. ಮುಂದೆ 52 ಹಲ್ಲಿನ ಒಂದೇ ಚೈನ್‌ವೀಲ್, ಹಿಂದೆ 7 ಗೇರು, ವಿ-ಬ್ರೇಕ್. ಓಡಿಸುವವರ ತೂಕ 78 ಕೆಜಿ. ಮೆಟ್ರೊದಲ್ಲಿ ಮಡಚಿ ಒಯ್ಯುವುದು, ಇಳಿದ ಮೇಲೆ ರಸ್ತೆಯಲ್ಲಿ ಓಡಿಸುವುದು, ಇಷ್ಟೇ ಬಳಕೆ.

ತೊಂದರೆ ನಾಲ್ಕು. ಏರಿನಲ್ಲಿ ಎದ್ದು ನಿಂತು ತುಳಿದರೆ ನಡುವಿನ ಕೀಲಿನ ಕಡೆಯಿಂದ ಟಕ್‌ಟಕ್ ಸದ್ದು. ಇಳಿಜಾರಿನಲ್ಲಿ ವೇಗ 25 ಕಿಮೀ ದಾಟಿದರೆ ಹ್ಯಾಂಡಲ್ ನಡುಗುತ್ತದೆ. ಮೂರು ನಾಲ್ಕು ಕಿಮೀ ಹೋಗುವಷ್ಟರಲ್ಲಿ ಸೀಟು ಎರಡು ಸೆಂ.ಮೀ. ಕೆಳಗಿಳಿದಿರುತ್ತದೆ. ಹಿಂದಿನ ಟ್ಯೂಬು ಪದೇಪದೇ ವಾಲ್ವ್ ಬುಡದಲ್ಲೇ ಹರಿಯುತ್ತದೆ. ಕೀಲಿನ ಲಿವರನ್ನು ಇನ್ನೂ ಬಿಗಿ ಮಾಡಿದರೆ ಸದ್ದು ನಿಲ್ಲುತ್ತದೆಯೇ? ಟ್ಯೂಬಿನ ಅಳತೆಯೇ ತಪ್ಪಿರಬಹುದೇ?

ಕೀಲೆಣ್ಣೆ

ಲಿವರಿಗೆ ಈಗಲೇ ಕೈ ಹಾಕಬೇಡಿ. ಮಡಚುವ ಸೈಕಲ್ಲಿನಲ್ಲಿ ಸಡಿಲ ಎಲ್ಲಿದೆ ಎಂದು ಕಂಡುಕೊಳ್ಳದೆ ಬಿಗಿ ಮಾಡುತ್ತ ಹೋದರೆ, ಸದ್ದು ಹಾಗೇ ಉಳಿದು ಲಿವರಿನ ಕೊಕ್ಕೆಯೋ ಕೀಲಿನ ಬೆಸುಗೆಯೋ ಬಿರುಕು ಬಿಡುತ್ತದೆ. ಅಲ್ಯೂಮಿನಿಯಂ ಬಾಗಿ ಮುನ್ಸೂಚನೆ ಕೊಡುವುದು ಕಡಿಮೆ, ಬಿರುಕು ಬಿಟ್ಟ ಮೇಲೆ ಬೇಗ ಮುರಿಯುತ್ತದೆ.

ಮೊದಲು ಸದ್ದಿನ ಜಾಗ ಹಿಡಿಯಿರಿ. ಸೈಕಲ್ ನಿಲ್ಲಿಸಿ, ಮುಂದಿನ ಬ್ರೇಕ್ ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ಕೀಲು ಕೂಡುವ ಗೆರೆಯ ಮೇಲೆ ಅಡ್ಡ ಇಟ್ಟು ಹಿಂದೆ ಮುಂದೆ ಅಲ್ಲಾಡಿಸಿ. ಎರಡು ಮುಖಗಳ ನಡುವೆ ಕೂದಲೆಳೆಯಷ್ಟು ಚಲನೆ ಇದ್ದರೂ ಬೆರಳಿಗೆ ತಿಳಿಯುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಇದೇ ಪರೀಕ್ಷೆಯನ್ನು ಹ್ಯಾಂಡಲ್ ಪೋಸ್ಟಿನ ಕೀಲಿಗೆ ಮಾಡಿ. ಆಮೇಲೆ ತುಳಿಯದೆ, ಉರುಳುತ್ತಿರುವಾಗಲೇ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಎಳೆದು ನೋಡಿ. ಆಗಲೂ ಸದ್ದು ಬಂದರೆ ಪೆಡಲಿನ ಕಡೆಯದಲ್ಲ. ಸೀಟಿನಿಂದ ಎದ್ದಾಗ ಮಾತ್ರ ಸದ್ದು ನಿಂತರೆ ಅದು ಸೀಟಿನ ಕ್ಲ್ಯಾಂಪಿನದು ಅಥವಾ ಸೀಟ್ ಪೋಸ್ಟಿನದು. ಫ್ರೇಮಿನ ಕೊಳವೆಗಳು ಸದ್ದನ್ನು ಸಾಗಿಸುತ್ತವೆ, ಹಾಗಾಗಿ ಕಿವಿಗಿಂತ ಬೆರಳನ್ನು ನಂಬಿ.

ಕೀಲಿನಲ್ಲೇ ಚಲನೆ ಇದ್ದರೆ ಹೀಗೆ ಮಾಡಿ:

1. ಕೀಲು ಪೂರ್ತಿ ತೆರೆದು ಎರಡು ಮುಖಗಳನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಒಂದು ಮರಳಿನ ಕಣ ನಡುವೆ ಕೂತರೂ ಮುಖಗಳು ಪೂರ್ತಿ ಕೂಡುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಸಲ ಸದ್ದಿಗೆ ಇದೇ ಕಾರಣ.
2. ಕೀಲಿನ ಪಿನ್ನಿಗೆ ಮೇಲಿಂದಲೂ ಕೆಳಗಿಂದಲೂ ಒಂದೊಂದು ಹನಿ ಎಣ್ಣೆ. ಮುಖಗಳಿಗೆ ಬೆರಳಿನಲ್ಲಿ ತೀಡಿದಷ್ಟು ತೆಳು ಗ್ರೀಸ್. ಹೆಚ್ಚಾದರೆ ದೂಳು ಹಿಡಿಯುತ್ತದೆ.
3. ಲಿವರ್ ಮುಚ್ಚಿ ನೋಡಿ. ಅರ್ಧ ದಾರಿವರೆಗೆ ಸಲೀಸಾಗಿ ಬರಬೇಕು, ಅಲ್ಲಿಂದ ಬಿಗಿ ಹಿಡಿಯಬೇಕು, ಕೊನೆಗೆ ಒಂದೇ ಅಂಗೈಯ ಒತ್ತಿಗೆ ಕೂರಬೇಕು. ಎರಡೂ ಕೈ ಬೇಕಾದರೆ ಅದು ಅತಿ ಬಿಗಿ. ಒಂದು ಬೆರಳಿಗೇ ಮುಚ್ಚಿದರೆ ಸಡಿಲ.
4. ಸಡಿಲವಿದ್ದರೆ ಲಿವರಿನ ಒಳಗಿರುವ ಹೊಂದಿಸುವ ನಟ್ಟನ್ನು ಕಾಲು ಸುತ್ತು ಮಾತ್ರ ತಿರುಗಿಸಿ, ಮುಚ್ಚಿ ನೋಡಿ, ಬೇಕಾದರೆ ಮತ್ತೆ ಕಾಲು ಸುತ್ತು.

ಲಿವರ್ ಸರಿಯಾಗಿ ಕೂತ ಮೇಲೂ ಮುಖಗಳು ಮೇಲೆ ಕೆಳಗೆ ಸರಿಯುತ್ತಿದ್ದರೆ ಪಿನ್ನೇ ಸವೆದಿದೆ. ಆಗ ಪಿನ್ನು ಮತ್ತು ಬುಷ್ (ಪಿನ್ನು ಕೂರುವ ಕೊಳವೆ) ಬದಲಿಸಬೇಕು. ಅದನ್ನು ಲಿವರಿನ ಬಿಗಿಯಿಂದ ಮುಚ್ಚಿಡಲು ಆಗದು.

ಕೀಲು ತೆರೆದಾಗಲೇ ಬೆಸುಗೆಯ ಅಂಚನ್ನು ಟಾರ್ಚ್ ಬೆಳಕಿನಲ್ಲಿ ಸುತ್ತ ನೋಡಿ. ಪೇಂಟಿನಲ್ಲಿ ಕೂದಲಿನಂಥ ಗೆರೆ ಕಂಡರೆ ಉಗುರು ಹಾಯಿಸಿ. ಉಗುರು ಸಿಕ್ಕಿಕೊಂಡರೆ ಬಿರುಕು ಎಂದೇ ತಿಳಿದು ಓಡಿಸುವುದನ್ನು ನಿಲ್ಲಿಸಿ. ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಬೆಸುಗೆ ಹಾಕಿಸಿಕೊಳ್ಳುವ ಯೋಚನೆ ಬೇಡ. 6061ರಂಥ ಅಲ್ಯೂಮಿನಿಯಂಗೆ ಬಲ ಬರುವುದು ಶಾಖ ಸಂಸ್ಕರಣೆಯಿಂದ. ಬೆಸುಗೆ ಬಿದ್ದ ಜಾಗದ ಸುತ್ತ ಆ ಬಲ ಹೊರಟುಹೋಗುತ್ತದೆ, ಮತ್ತೆ ಸಂಸ್ಕರಿಸದ ಹೊರತು ಮರಳುವುದಿಲ್ಲ.

ಹಳ್ಳಬಿದ್ದ ರಸ್ತೆ

ಹ್ಯಾಂಡಲ್ ನಡುಕದ ಬಗ್ಗೆ ನಾನು ಹೇಳುತ್ತೇನೆ. ಅರ್ಧ ಭಾಗ ಸಡಿಲದ್ದು, ಅರ್ಧ ಗಾಲಿಯ ಅಳತೆಯದ್ದು. ಮೊದಲನೆಯದನ್ನು ಸರಿಪಡಿಸಬಹುದು, ಎರಡನೆಯದಕ್ಕೆ ಹೊಂದಿಕೊಳ್ಳಬೇಕು.

ಸಣ್ಣ ಗಾಲಿಯಲ್ಲಿ ಟ್ರೇಲ್ ಕಡಿಮೆ. ಹೆಡ್ ಟ್ಯೂಬಿನ, ಅಂದರೆ ಹ್ಯಾಂಡಲ್ ತಿರುಗುವ ಮುಂದಿನ ಕೊಳವೆಯ, ಗೆರೆ ನೆಲಕ್ಕೆ ಮುಟ್ಟುವ ಜಾಗಕ್ಕೂ ಟೈರು ನೆಲಕ್ಕೆ ತಾಗುವ ಜಾಗಕ್ಕೂ ಇರುವ ದೂರವೇ ಟ್ರೇಲ್. ಗಾಲಿ ತಾನಾಗಿ ನೆಟ್ಟಗಾಗುವುದಕ್ಕೆ ಅದರ ಪಾಲು ದೊಡ್ಡದು. ಹೆಡ್ ಕೋನ, ಅಂದರೆ ಆ ಕೊಳವೆ ನೆಲದೊಂದಿಗೆ ಮಾಡುವ ಕೋನ, 72 ಡಿಗ್ರಿ ಎಂದಿಟ್ಟುಕೊಳ್ಳಿ. ದೊಡ್ಡ ಸೈಕಲ್ಲುಗಳ 700 ಸಿ ಅಳತೆಯ ಗಾಲಿಗೆ, ಫೋರ್ಕಿನ (ಮುಂದಿನ ಗಾಲಿ ಹಿಡಿದಿರುವ ಕವಲು) ಮುಂಬಾಗು 45 ಮಿಮೀ ಇದ್ದರೆ, ಟ್ರೇಲ್ ಸುಮಾರು 63 ಮಿಮೀ. 16 ಇಂಚಿನ ಗಾಲಿಗೆ, ಮುಂಬಾಗು 30 ಮಿಮೀಗೆ ಇಳಿಸಿದರೂ, ಬರುವುದು 33 ಮಿಮೀ ಆಸುಪಾಸು. ಜೊತೆಗೆ ಗಾಲಿ ಹಗುರ, ತಿರುಗುವಾಗ ತಾನೇ ಸ್ಥಿರವಾಗಿ ನಿಲ್ಲುವ ಬಲವೂ ಕಡಿಮೆ. ಮೇಲೆ ಉದ್ದನೆಯ ಹ್ಯಾಂಡಲ್ ಪೋಸ್ಟು. ಕೆಳಗೆ ಅರ್ಧ ಮಿಲಿಮೀಟರ್ ಸಡಿಲ ಇದ್ದರೆ ಮೇಲೆ ಕೈಗೆ ಹಲವು ಪಟ್ಟಾಗಿ ಬರುತ್ತದೆ.

ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಪರೀಕ್ಷೆ: ಮುಂದಿನ ಗಾಲಿಯನ್ನು 90 ಡಿಗ್ರಿ ಅಡ್ಡ ತಿರುಗಿಸಿ, ಬ್ರೇಕ್ ಒತ್ತಿ, ಕೆಳಗಿನ ಬೇರಿಂಗ್ ಬಟ್ಟಲಿನ ಮೇಲೆ ಬೆರಳಿಟ್ಟು ಅಲ್ಲಾಡಿಸಿ. ಅಡ್ಡ ತಿರುಗಿಸುವುದು ಮುಖ್ಯ. ನೇರ ಇಟ್ಟರೆ ಬ್ರೇಕ್ ಪ್ಯಾಡಿನ ಆಟವೂ ಸೇರಿಕೊಂಡು ದಾರಿ ತಪ್ಪಿಸುತ್ತದೆ. ಸಡಿಲ ಸಿಕ್ಕರೆ ನೆನಪಿಡಿ, ಹಲವು ಮಡಚುವ ಸೈಕಲ್ಲುಗಳಲ್ಲಿ ಹೆಡ್‌ಸೆಟ್ ಬಿಗಿಸುವ ಬೋಲ್ಟ್ ಹೊರಗೆ ಕಾಣುವುದಿಲ್ಲ. ಹ್ಯಾಂಡಲ್ ಪೋಸ್ಟನ್ನು ಮಡಚಿದಾಗ ಕೆಳಭಾಗದ ಕೊಳವೆಯೊಳಗೆ ಆಳದಲ್ಲಿ ಅಲೆನ್ ಬೋಲ್ಟ್ ಇರುತ್ತದೆ. ಮೊದಲು ಪಕ್ಕದ ಕ್ಲ್ಯಾಂಪ್ ಬೋಲ್ಟುಗಳನ್ನು ಸಡಿಲಿಸಿ, ಆಮೇಲೆ ಒಳಗಿನದನ್ನು ಆಟ ಹೋಗುವಷ್ಟು ಮಾತ್ರ ಬಿಗಿಸಿ, ಕೊನೆಗೆ ಕ್ಲ್ಯಾಂಪ್. ಮುಂದಿನ ಗಾಲಿ ಎತ್ತಿದಾಗ ಹ್ಯಾಂಡಲ್ ತನ್ನ ಭಾರಕ್ಕೇ ಪಕ್ಕಕ್ಕೆ ಬೀಳಬೇಕು. ನಡುವೆ ಎಲ್ಲಾದರೂ ಹಿಡಿದರೆ ಬಿಗಿ ಹೆಚ್ಚಾಗಿದೆ.

ಓಡಿಸುವಾಗ ನಡುಕ ಶುರುವಾದರೆ ದೊಡ್ಡ ಸೈಕಲ್ಲಿನಂತೆ ಮೊಣಕಾಲಿನಿಂದ ಮೇಲಿನ ಕೊಳವೆಯನ್ನು ಅಮುಕಿ ಹಿಡಿಯಲು ಇಲ್ಲಿ ಕೊಳವೆಯೇ ಇಲ್ಲ. ಹಿಂದಿನ ಬ್ರೇಕಿನಿಂದ ನಿಧಾನವಾಗಿ ವೇಗ ಇಳಿಸಿ, ಸೀಟಿನಿಂದ ತುಸು ಮೇಲೆದ್ದು ಭಾರವನ್ನು ಪೆಡಲಿಗೆ ಹಾಕಿ. ಹಿಂದಿನ ಕ್ಯಾರಿಯರಿನ ಮೇಲೆ ಎತ್ತರಕ್ಕೆ ಚೀಲ ಕಟ್ಟಿದ್ದರೆ ತೆಗೆಯಿರಿ, ಬಹಳ ಸಲ ನಡುಕ ಅಲ್ಲಿಂದಲೇ ಹುಟ್ಟುತ್ತದೆ.

ಗುಂಡಿಯ ಮಾತು. 15 ಸೆಂ.ಮೀ. ಅಗಲದ ಗುಂಡಿಯಲ್ಲಿ 700 ಸಿ ಗಾಲಿ ಸುಮಾರು 8 ಮಿಮೀ ಇಳಿಯುತ್ತದೆ, 16 ಇಂಚಿನದು ಸುಮಾರು 15 ಮಿಮೀ. ಅಂದರೆ ಅದೇ ಗುಂಡಿ ನಿಮಗೆ ಎರಡು ಪಟ್ಟು ಆಳ. 1962ರಲ್ಲಿ ಬ್ರಿಟನ್ನಿನ ಎಂಜಿನಿಯರ್ ಅಲೆಕ್ಸ್ ಮೌಲ್ಟನ್ ಸಣ್ಣ ಗಾಲಿಯ ಸೈಕಲನ್ನು ಮಾರುಕಟ್ಟೆಗೆ ತಂದಾಗ ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇಟ್ಟದ್ದಕ್ಕೆ ಅರ್ಥವಿದೆ. ನಿಮ್ಮದರಲ್ಲಿ ಸಸ್ಪೆನ್ಷನ್ ಇಲ್ಲದಿದ್ದರೆ ಟೈರೇ ಆ ಕೆಲಸ ಮಾಡಬೇಕು. 47 ಮಿಮೀ ಅಗಲದ್ದನ್ನು ತೆಗೆದು ತೆಳುವಾದದ್ದು ಹಾಕಬೇಡಿ.

ಬುಷ್ ಮತ್ತು ಪಿನ್

ಸೀಟು ಕುಸಿಯೋದು ನೋಡ್ರಿ, ತೊಂಬತ್ತು ಪಾಲು ಗ್ರೀಸಿನ ಕೆಲಸ. ಮಾಮೂಲಿ ಸೈಕಲ್ಲಿಗೆ ಸೀಟ್ ಪೋಸ್ಟಿಗೆ ಗ್ರೀಸ್ ಹಚ್ಚೋದು ಒಳ್ಳೇದು. ದಿನಾ ಏರಿಸಿ ಇಳಿಸೋ ಮಡಚೋ ಸೈಕಲ್ಲಿಗೆ ಅದು ಬ್ಯಾಡ. ಚೈನಿನ ಎಣ್ಣೆ ಕೈಗೆ ಹತ್ತಿ, ಕೈಯಿಂದ ಪೋಸ್ಟಿಗೆ ಹತ್ತತೈತಿ. ಪೋಸ್ಟ್ ಹೊರಗ ತೆಗೆದು ಆಲ್ಕೊಹಾಲ್‌ನಿಂದ ಒರಸ್ರಿ, ಫ್ರೇಮಿನ ಒಳಗೂ ಬಟ್ಟೆ ತೂರಿಸಿ ಒರಸ್ರಿ.

ಎಣ್ಣೆ ಹಾಕಬೇಕಾದ ಜಾಗ ಬ್ಯಾರೆ: ಕ್ಲ್ಯಾಂಪ್ ಲಿವರಿನ ಕ್ಯಾಮ್, ಅಂದ್ರ ಲಿವರ್ ತಿರುಗಿ ಒತ್ತೋ ಬುಡ. ಅಲ್ಲಿ ಒಂದು ಹನಿ ಬಿಟ್ರ ಲಿವರಿನ ಉಜ್ಜಾಟ ಕಡಿಮೆಯಾಗಿ, ಅದೇ ಕೈಬಲಕ್ಕೆ ಪೋಸ್ಟ್ ಹೆಚ್ಚು ಬಿಗಿ ಆಗತೈತಿ.

ಫ್ರೇಮಿನ ಬಾಯಾಗ ಪ್ಲಾಸ್ಟಿಕ್ ತೋಳು (ಪೋಸ್ಟಿನ ಸುತ್ತ ಕೂರೋ ಕೊಳವೆ) ಇದ್ರ ಅದರ ಸೀಳು ಫ್ರೇಮಿನ ಸೀಳಿಗೆ ಸರಿಯಾಗಿ ಕೂಡಬೇಕು. ತಿರುಗಿ ಕೂತಿದ್ರ ಎಷ್ಟು ಬಿಗಿ ಮಾಡಿದ್ರೂ ಹಿಡಿಯಂಗಿಲ್ಲ. ತೋಳು ಸವೆದಿದ್ರ ಹೊಸಾದು ಬರೋತನಕ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ ಕತ್ತರಿಸಿ ಒಂದ ಪದರ ಸುತ್ತಬಹುದು, ಅದು ಸುಮಾರು 0.1 ಮಿಮೀ ದಪ್ಪ. ಎರಡು ಪದರ ಸುತ್ತಬ್ಯಾಡ್ರಿ, ಒಂದರ ಮ್ಯಾಲೊಂದು ಜಾರತಾವ. ಕಾರ್ಬನ್ ಪೋಸ್ಟಿಗೆ ಹಚ್ಚೋ ಹರಳು ಹರಳಾದ ಪೇಸ್ಟೂ ನಡೀತೈತಿ, ಆದ್ರ ದಿನಾ ಏರಿಸಿ ಇಳಿಸಿದ್ರ ಪೋಸ್ಟಿನ ಮೈ ಗೀರತೈತಿ. ಪೋಸ್ಟಿನ ಮ್ಯಾಲೆ ಬರೆದಿರೋ ಕನಿಷ್ಠ ಗೆರೆ ಮಾತ್ರ ಯಾವತ್ತೂ ಹೊರಗ ಕಾಣಬಾರದು ರೀ.

ಕಡ್ಡಿ ಲೆಕ್ಕ

ಟ್ಯೂಬಿನ ಅಳತೆ ಕೇಳಿದ್ದಿರಿ. 16 ಇಂಚು ಎಂಬ ಹೆಸರಿನಲ್ಲಿ ಮುಖ್ಯವಾಗಿ ಎರಡು ಬೇರೆ ಬೇರೆ ವ್ಯಾಸದ ರಿಮ್ಮುಗಳಿವೆ. 16×1.75 ಎಂದು ಬರೆದದ್ದು 305 ಮಿಮೀ, 16×1⅜ ಎಂದು ಬರೆದದ್ದು ಸಾಮಾನ್ಯವಾಗಿ 349 ಮಿಮೀ. ಮಡಚುವ ಸೈಕಲ್ ಕಂಪನಿಗಳಲ್ಲಿ ಡಾಹೊನ್‌ನ ಹಲವು 16 ಇಂಚಿನ ಮಾದರಿಗಳದ್ದು 305, ಲಂಡನ್‌ನ ಬ್ರಾಂಪ್ಟನ್‌ನದ್ದು 349. ನಡುವಿನ ಅಂತರ 44 ಮಿಮೀ, ಒಂದರ ಟೈರು ಇನ್ನೊಂದಕ್ಕೆ ಕೂರುವುದೇ ಇಲ್ಲ. 20 ಇಂಚಿನಲ್ಲೂ ಹೀಗೇ 406 ಮತ್ತು 451 ಇವೆ. ಅಂಗಡಿಯಲ್ಲಿ ಇಂಚು ಹೇಳಬೇಡಿ, ಟೈರಿನ ಮೇಲಿನ ಕೊನೆಯ ಮೂರು ಅಂಕೆ ಹೇಳಿ.

ನಿಮ್ಮದು 305 ಆದ್ದರಿಂದ ಮಕ್ಕಳ 16 ಇಂಚಿನ ಸೈಕಲ್ಲಿನ ಟ್ಯೂಬು ತುರ್ತಿಗೆ ನಡೆಯುತ್ತದೆ. ಮಕ್ಕಳ ಸೈಕಲ್ಲಿನ ಟೈರು ಮಾತ್ರ ಬೇಡ. ಅದು ಕಡಿಮೆ ಒತ್ತಡಕ್ಕೆ ಮಾಡಿದ್ದು, 78 ಕೆಜಿ ಭಾರಕ್ಕೆ ಅಲ್ಲ.

ವಾಲ್ವ್ ಬುಡ ಹರಿಯಲು ಎರಡು ದಾರಿ. ಒಂದು, ಗಾಳಿ ಕಡಿಮೆಯಾಗಿ ಬ್ರೇಕ್ ಹಾಕಿದಾಗಲೆಲ್ಲ ಟೈರು ರಿಮ್ಮಿನ ಮೇಲೆ ಸ್ವಲ್ಪಸ್ವಲ್ಪ ಸರಿಯುತ್ತದೆ, ಟ್ಯೂಬನ್ನೂ ಎಳೆದುಕೊಂಡು ಹೋಗುತ್ತದೆ. ವಾಲ್ವು ಓರೆಯಾಗಿ ನಿಂತಿದ್ದರೆ ಇದೇ. ಗಾಳಿ ಪೂರ್ತಿ ಬಿಟ್ಟು, ಟೈರನ್ನು ಕೈಯಲ್ಲಿ ಸರಿಸಿ, ವಾಲ್ವು ನೆಟ್ಟಗಾದ ಮೇಲೆ ಗಾಳಿ ಹೊಡೆಯಿರಿ. ಎರಡು, ಇಷ್ಟು ಚಿಕ್ಕ ಗಾಲಿಯಲ್ಲಿ ಕಡ್ಡಿಗಳ ನಡುವೆ ಪಂಪಿನ ತಲೆ ಹಿಡಿಯುವುದಿಲ್ಲ, ಹೊಡೆಯುವವರು ವಾಲ್ವನ್ನು ಬಾಗಿಸುತ್ತಾರೆ. ಕೊಳವೆ ಇರುವ ಪಂಪನ್ನೇ ಬಳಸಿ. ಪಂಕ್ಚರ್ ಅಂಗಡಿಯಲ್ಲೂ ತಲೆಯನ್ನು ನೀವೇ ಹಿಡಿದುಕೊಳ್ಳಿ. ವಾಲ್ವಿನ ರಂಧ್ರದ ಅಂಚು ಚೂಪಾಗಿದ್ದರೆ ಸ್ಯಾಂಡ್ ಪೇಪರ್ ಸುರುಳಿ ಮಾಡಿ ತೀಡಿ.

ಒತ್ತಡ: ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಮೀರದಂತೆ ಹಿಂದೆ 60 ಪಿಎಸ್‌ಐ, ಮುಂದೆ 50ರಿಂದ ಶುರು ಮಾಡಿ. ವಾರಕ್ಕೊಮ್ಮೆ ಗೇಜಿನಲ್ಲಿ ನೋಡಲೇಬೇಕು. ಒಳಗಿರುವ ಗಾಳಿಯೇ ಕಡಿಮೆ, ಅಷ್ಟೇ ಸೋರಿದರೂ ಒತ್ತಡ ಹೆಚ್ಚು ಬೀಳುತ್ತದೆ.

ಕಡ್ಡಿಗಳದ್ದೂ ಹೇಳಿಬಿಡುತ್ತೇನೆ. ಗಿಡ್ಡ ಕಡ್ಡಿ ಹೆಚ್ಚು ಹಿಗ್ಗುವುದಿಲ್ಲ, ಹಾಗಾಗಿ ನಿಪ್ಪಲ್ (ಕಡ್ಡಿಯ ತುದಿಯ ನಟ್ಟು) ತಿರುಗಿಸಿದಷ್ಟಕ್ಕೂ ಬಿಗಿ ಬಹಳ ಬದಲಾಗುತ್ತದೆ. ದೊಡ್ಡ ಗಾಲಿಗೆ ಕಾಲು ಸುತ್ತು ತಿರುಗಿಸುವ ಮೆಕ್ಯಾನಿಕ್ ಇಲ್ಲಿ ಅದರರ್ಧ ತಿರುಗಿಸಬೇಕು. ರಿಮ್ ಚಿಕ್ಕದಾದ್ದರಿಂದ ಬ್ರೇಕಿನ ಬಿಸಿ ಆರಿಸಲು ಲೋಹವೂ ಕಡಿಮೆ. ನಂದಿ ಬೆಟ್ಟದಂಥ ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮ ಹಿಡಿದುಕೊಂಡು ಇಳಿಯಬೇಡಿ. ಗಟ್ಟಿಯಾಗಿ ಹಿಡಿದು ಬಿಡಿ, ಮತ್ತೆ ಹಿಡಿದು ಬಿಡಿ.

ಪುಟ್ಟಗಾಲಿ

ಎಲ್ಲರಿಗೂ ಧನ್ಯವಾದ. ಕೀಲಿನ ಮುಖಗಳಲ್ಲಿ ಮರಳಿತ್ತು, ಒರೆಸಿ ಲಿವರ್ ಅರ್ಧ ಸುತ್ತು ಹೊಂದಿಸಿದ ಮೇಲೆ ಬೆರಳಿಗೆ ಚಲನೆ ಸಿಗುತ್ತಿಲ್ಲ. ಬಿರುಕಿಲ್ಲ. ಹೆಡ್‌ಸೆಟ್ಟಿನ ಆಟ ಹೋಗಿದೆ, ಸೀಟೂ ನಿಂತಿದೆ, ವಾಲ್ವ್ ಓರೆಯಾಗಿತ್ತು, ಸರಿಪಡಿಸಿದೆ. ಉಳಿದದ್ದು ಒಂದು: ತುಳಿಯುವಾಗ ಮಾತ್ರ ಸಣ್ಣ ಟಿಕ್ ಸದ್ದು, ಬಲಗಾಲು ಕೆಳಗೆ ಹೋಗುವಾಗ.

ಕೀಲೆಣ್ಣೆ

ಸದ್ದಿನ ಲಯ ಎಣಿಸಿ. ಪೆಡಲಿನ ಪ್ರತಿ ಸುತ್ತಿಗೆ ಒಂದೇ ಸಲ, ಅದೇ ಜಾಗದಲ್ಲಿ ಬಂದರೆ ಪೆಡಲ್, ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಅಥವಾ ಬಾಟಮ್ ಬ್ರಾಕೆಟ್ (ಕ್ರ್ಯಾಂಕಿನ ಅಚ್ಚು ತಿರುಗುವ ಬೇರಿಂಗ್). ಸುಮಾರು ಎರಡು ಸುತ್ತಿಗೊಮ್ಮೆ ಬಂದರೆ ಚೈನಿನಲ್ಲಿ ಒಂದು ಕೊಂಡಿ ಬಿಗಿಯಾಗಿದೆ: ನಿಮ್ಮ ಚೈನಿನಲ್ಲಿ ನೂರರ ಆಸುಪಾಸು ಕೊಂಡಿ, ಮುಂದೆ 52 ಹಲ್ಲು. ಒಂದು ಸುತ್ತಿಗೆ ಮೂರು ನಾಲ್ಕು ಸಲ ಬಂದರೆ ಹಿಂದಿನ ಗಾಲಿ: 52ಕ್ಕೆ 14 ಹಲ್ಲಿನ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಗಾಲಿ 3.7 ಸುತ್ತು ತಿರುಗುತ್ತದೆ.

ನೀವು ಹೇಳುವುದು ಮೊದಲನೆಯದರಂತಿದೆ. ಬಲ ಪೆಡಲಿನಿಂದ ಶುರು ಮಾಡಿ. ಮಡಚುವ ಪೆಡಲಿನ ಬೀಗ ಸವೆದರೆ ಭಾರ ಬಿದ್ದಾಗಲೆಲ್ಲ ಟಿಕ್ ಎನ್ನುತ್ತದೆ. ಮಾಮೂಲಿ ಪೆಡಲ್ ಹಾಕಿ ಓಡಿಸಿದರೆ ಗೊತ್ತಾಗುತ್ತದೆ. 15ರ ಸ್ಪ್ಯಾನರ್ ಬೇಕು. ಬಲಗಡೆಯದು ಎಲ್ಲ ಸ್ಕ್ರೂಗಳಂತೆ ಬಿಚ್ಚುತ್ತದೆ, ಎಡಗಡೆಯದರ ಮರೆ (ಥ್ರೆಡ್) ಉಲ್ಟಾ. ಹಾಕುವಾಗ ಮರೆಗೆ ಗ್ರೀಸ್ ಹಚ್ಚಿ, ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ. ಓರೆಯಾಗಿ ಹತ್ತಿದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಮರೆ ಹಾಳಾಗುತ್ತದೆ.

ಪೆಡಲ್ ಬದಲಿಸಿದ ಮೇಲೂ ಸದ್ದು ಬಂದರೆ ಕ್ರ್ಯಾಂಕ್ ಬೋಲ್ಟ್ ನೋಡಿ. ಚೌಕ ಅಚ್ಚಿನದಾದರೆ 35ರಿಂದ 40 ನ್ಯೂಟನ್ ಮೀಟರ್ ಬಿಗಿ. ಸಡಿಲ ಕ್ರ್ಯಾಂಕಿನಲ್ಲೇ ಬಹಳ ದಿನ ಓಡಿಸಿದ್ದರೆ ಚೌಕ ರಂಧ್ರ ದುಂಡಾಗಿರುತ್ತದೆ. ಬಿಗಿ ಮಾಡಿ ಒಂದೆರಡು ದಿನ ಓಡಿಸುವಷ್ಟರಲ್ಲಿ ಮತ್ತೆ ಸಡಿಲವಾದರೆ ಕ್ರ್ಯಾಂಕನ್ನೇ ಬದಲಿಸಬೇಕು, ಬೋಲ್ಟಿಗೆ ಅಂಟು ಹಾಕಿ ಪ್ರಯೋಜನವಿಲ್ಲ.