ಮುತ್ಯಾನ ಹಿತ್ತಾಳೆ ಸ್ಟವ್ ನೀಲಿ ಉರಿ ಕೊಡ್ತಿಲ್ಲ, ಯಾರಾದ್ರೂ ಹೇಳ್ರಿ

ವಾಡಿ_ಹುಡುಗ, ಕಲಬುರಗಿ:
ತಲೆ ಕೆಟ್ಟು ಹೋಗಿದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಮುತ್ಯಾನ ಪುಟ್ಟ ಸ್ಟವ್ ಸಿಕ್ಕಿತು. ಒಂದು ಗೇಣು ಎತ್ತರವೂ ಇಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ನಿಪ್ಪಲ್‌ಗೆ ಪಿನ್ ಹಾಕಿದೆ. ಆದರೂ ಹಳದಿ ಉರಿ. ಮೊಳದುದ್ದ ಎದ್ದು ಐದೇ ನಿಮಿಷಕ್ಕೆ ಆರುತ್ತದೆ. ಪಾತ್ರೆ ತುಂಬ ಮಸಿ, ಮನೆಯಲ್ಲಿ ಬೈಗುಳ ಬೇರೆ. ಮುಂದಿನ ವಾರ ಚಂದ್ರಂಪಳ್ಳಿ ಡ್ಯಾಮ್ ಕಡೆ ಹೊರಟಿದ್ದೇವೆ. ಯಾವ ಕಂಪನಿಯದು, ಏನಾಗಿದೆ?

ಪಂಪ್_ಮಾಸ್ತರ್, ಯಾದಗಿರಿ:
ಚರ್ಮದ ವಾಶರ್ ಒಣಗಿದೆ. ನೋಡೋದೇ ಬೇಡ. ಹೊಸದು ತಂದು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿ ಹಾಕಿ. ಹಿತ್ತಾಳೆ ಅಂದ ಮೇಲೆ ಪ್ರೈಮಸ್ಸೇ.

ಬೀದರ್_ಬುಲೆಟ್:
ಹಿತ್ತಾಳೆಯದೆಲ್ಲ ಪ್ರೈಮಸ್ ಅಲ್ಲ ಮಾಸ್ತರ್ರೇ. ಆಪ್ಟಿಮಸ್, ರೇಡಿಯಸ್ ಕೂಡ ಸ್ವೀಡನ್ನಿನವೇ. ಇನ್ನು ಹುಣಸೆಹಣ್ಣು ತಿಕ್ಕಿದ್ದು ತಪ್ಪು, ಹಳೆ ಬಣ್ಣ ಹೋಯ್ತು. ನಮ್ಮೂರಿನ ಬಿದರಿ ಕೆಲಸದವರಿಗೆ ಕೊಡಿ, ಚೆಂದ ಕಪ್ಪು ಮಾಡಿ ಕೊಡ್ತಾರೆ.

ಪಂಪ್_ಮಾಸ್ತರ್:
ಬಿದರಿ ಹಿತ್ತಾಳೆ ಏನ್ರೀ? ಅದರಲ್ಲಿ ಸತುವೇ ಜಾಸ್ತಿ, ತಾಮ್ರ ಚೂರು. ಕೋಟೆ ಮಣ್ಣು, ನವಸಾಗರದಿಂದ ಕಪ್ಪಾಗುವುದು ಆ ಲೋಹ. ನವಸಾಗರ ಹಿತ್ತಾಳೆಗೆ ತಾಗಿದರೆ ಬಿರುಕು ಬಿಡಬಹುದು. ಒತ್ತಡ ಹಿಡಿಯುವ ಟ್ಯಾಂಕಿಗೆ ಯಾರಾದರೂ ಹಾಕ್ತಾರಾ?

ಬೀದರ್_ಬುಲೆಟ್:
ಚೆಂದಕ್ಕೆ ಅಂದೆ ರೀ. ಶೋಕೇಸಿನಲ್ಲಿಡಲು.

ಚಿಂಚೋಳಿ_ರೈಡರ್:
ನನ್ನ ಹತ್ತಿರ ಮೂರು ಪಂಪ್ ಸ್ಟವ್ ಇವೆ. ಹೋದ ಮಳೆಗಾಲ ಎತ್ತಿಪೋತ ಜಲಪಾತದ ಹತ್ತಿರ ಸುರಿಯುವ ಮಳೆಯಲ್ಲಿ ಎಂಟು ಜನಕ್ಕೆ ಚಹಾ ಮಾಡಿದ್ದೆ, ಒಮ್ಮೆಯೂ ಆರಲಿಲ್ಲ. ಫೋಟೋ ಆಮೇಲೆ ಹಾಕ್ತೇನೆ.

ವಾಡಿ_ಹುಡುಗ:
ಅಣ್ಣಾ, ಸೂಪರ್ ಮಾರ್ಕೆಟ್ ಎಲ್ಲ ತಿರುಗಿ ವಾಶರ್ ಎರಡು ತಂದೆ. ನೆನೆಸಿಯೂ ಆಯ್ತು. ಎಲ್ಲಿ ಹಾಕಬೇಕು?

ಪಂಪ್_ಮಾಸ್ತರ್:
ಪಂಪಿನ ರಾಡ್ ಹೊರಗೆ ಎಳೆದರೆ ತುದಿಯಲ್ಲಿ ಕಾಣುತ್ತದೆ.

ವಾಡಿ_ಹುಡುಗ:
ಇದಕ್ಕೆ ಪಂಪೇ ಇಲ್ಲವಲ್ಲ! ಸರಪಳಿಗೆ ಒಂದು ಕೀಲಿ ಇದೆ. ಅದನ್ನು ತಿರುವಿದರೆ ಎಣ್ಣೆ ಮೇಲೆ ಬರುತ್ತದೆ. ಹೇಳಿದ್ದೆನಲ್ಲ?

ಬೀದರ್_ಬುಲೆಟ್:
ಎಲ್ಲಿ ಹೇಳಿದ್ರಿ?

ಹಳೇ_ಪಾನಾ, ಶಹಾಬಾದ್:
ಮಾಸ್ತರ್ರೇ, ಸ್ವಲ್ಪ ನಿಲ್ಲಿ. ತಮ್ಮಾ, ಬರ್ನರ್ ಸುತ್ತ ತೂತಿನ ಹಿತ್ತಾಳೆ ಗೋಪುರ, ಮೇಲೆ ಲೋಟದಂಥ ಮುಚ್ಚಳ ಇದೆಯಾ? ಏನು ಅಚ್ಚು ಹಾಕಿದ್ದಾರೆ? ಯಾವ ಎಣ್ಣೆ ಹಾಕಿದಿ?

ವಾಡಿ_ಹುಡುಗ:
ಎಲ್ಲ ಇದೆ. "ಸ್ವಿಯಾ 123" ಅಂತಿದೆ. ಹಾಕಿದ್ದು ಚಿಮಣಿ ಎಣ್ಣೆ, ಮತ್ತೇನು? ಫ್ಯಾಕ್ಟರಿಗೆ ಬಂದಿದ್ದ ಪರದೇಶದ ಇಂಜಿನಿಯರ್ ಒಬ್ಬ ಊರಿಗೆ ಹೋಗುವಾಗ ಮುತ್ಯಾಗೆ ಕೊಟ್ಟದ್ದಂತೆ.

ಹಳೇ_ಪಾನಾ:
ಅಲ್ಲೇ ಎಡವಿದ್ದು. ಅದು ಪೆಟ್ರೋಲ್ ಜಾತಿಯ ಸ್ಟವ್. 1955ರಿಂದ ಸ್ವೀಡನ್ನಿನಲ್ಲಿ ಮಾಡುತ್ತಿದ್ದರು. ಬರ್ನರಿನ ಬಿಸಿ ಕೆಳಗಿಳಿದು ಟ್ಯಾಂಕ್ ಕಾಯುತ್ತದೆ, ಒತ್ತಡ ತಾನಾಗಿ ಹುಟ್ಟುತ್ತದೆ. ಅದಕ್ಕೇ ಪಂಪ್ ಇಲ್ಲ. ಚಿಮಣಿ ಎಣ್ಣೆ ಅಷ್ಟು ಬಿಸಿಗೆ ಜಗ್ಗಲ್ಲ. ಹಸಿ ಎಣ್ಣೆಯೇ ಮೇಲೆ ಬಂದು ಹಳದಿ ಉರಿಯುತ್ತದೆ.

ಈಗಲೇ ಬಂಕಿಗೆ ಓಡಬೇಡ. ತುಂಬುವ ಮುಚ್ಚಳದಲ್ಲಿ ಸೇಫ್ಟಿ ವಾಲ್ವ್ ಇರುತ್ತದೆ, ಒಳಗೆ ಸಣ್ಣ ರಬ್ಬರ್. ಐವತ್ತು ವರ್ಷಕ್ಕೆ ಅದು ಕಲ್ಲಾಗಿರುತ್ತದೆ. ಸೋರಿದರೆ ಆ ತೂತಿನಿಂದಲೇ ಬೆಂಕಿ ಚಿಮ್ಮುತ್ತದೆ. ಮೊದಲು ಎಣ್ಣೆ ಪೂರ್ತಿ ಖಾಲಿ ಮಾಡು. ಒಳಗಿನ ಬತ್ತಿಯೂ ಎಣ್ಣೆ ಕುಡಿದಿದೆ, ಅದು ಒಣಗಲಿ. ಆಮೇಲೆ ಮುಚ್ಚಳ, ಕೀಲಿ ಬಿಗಿ ಮಾಡಿ ಬಿಸಿ ನೀರಲ್ಲಿ ಮುಳುಗಿಸು. ಗುಳ್ಳೆ ಬಂದ ಕಡೆ ಸೋರಿಕೆ. ರಿಪೇರಿ ಆದ ಮೇಲೂ ಮುಕ್ಕಾಲಿಗಿಂತ ಜಾಸ್ತಿ ತುಂಬಬಾರದು, ಬಿಸಿ ಇದ್ದಾಗ ಮುಚ್ಚಳ ತೆಗೆಯಬಾರದು. ನಮ್ಮ ಮೇ ತಿಂಗಳ ಬಿಸಿಲಲ್ಲಂತೂ ತುಂಬಿಸಿ ಹೊರಗೆ ಇಡಲೇಬಾರದು.

ಪಂಪ್_ಮಾಸ್ತರ್:
ಪಂಪ್ ಇಲ್ಲ ಅಂತ ಮೊದಲೇ ಹೇಳಿದ್ದರೆ ನಾನೂ ಇದನ್ನೇ ಹೇಳ್ತಿದ್ದೆ.

ವಾಡಿ_ಹುಡುಗ:
ಬಿಸಿ ನೀರಲ್ಲಿಟ್ಟೆ. ಮುಚ್ಚಳದಿಂದ ಗುಳ್ಳೆ ಸಾಲು ಸಾಲಾಗಿ ಬಂತು. ಬಿಚ್ಚಿದರೆ ರಬ್ಬರ್ ಪುಡಿಪುಡಿ.

ಚಿಂಚೋಳಿ_ರೈಡರ್:
ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿ, ಮುಗೀತು.

ಹಳೇ_ಪಾನಾ:
ಸೈಕಲ್ ಟ್ಯೂಬ್ ಪೆಟ್ರೋಲಲ್ಲಿ ಉಬ್ಬುತ್ತದೆ ಮಾರಾಯ. ಪೆಟ್ರೋಲ್ ತಾಳುವ ವಿಟಾನ್ ರಬ್ಬರೇ ಬೇಕು. ಅಳತೆ ಕಳಿಸು ತಮ್ಮಾ, ನನ್ನ ಡಬ್ಬಿಯಲ್ಲಿ ಹುಡುಕುತ್ತೇನೆ.

ಬೀದರ್_ಬುಲೆಟ್:
ರೈಡರ್ ಅಣ್ಣಾ, ಎತ್ತಿಪೋತದ ಫೋಟೋ ಎಲ್ಲಿ?

ವಾಡಿ_ಹುಡುಗ:
ಅಳತೆ ಕಳಿಸಿದ್ದೇನೆ ಕಾಕಾ. ಈ ಸಲ ಡ್ಯಾಮಿಗೆ ಗ್ಯಾಸ್ ಸ್ಟವ್ವೇ ಒಯ್ಯುತ್ತೇನೆ. ನೆನೆಸಿದ ಚರ್ಮದ ವಾಶರ್ ಎರಡಿವೆ, ಯಾರಿಗಾದರೂ ಬೇಕಾ?