ಕಾರ್ಮಿಕರೇ ಆಡಿದ್ದು ನಾಟಕ ಅಲ್ವಾ?

ಬಣ್ಣದಮನೆ
ನಮ್ಮ ತಂಡದಲ್ಲಿ ಹೊಸ ನಾಟಕದ ಮಾತು ನಡೀತಿದೆ. ವರ್ಣಭೇದ ಕಾಲದ ದಕ್ಷಿಣ ಆಫ್ರಿಕಾದ ಫೌಂಡ್ರಿ (ಎರಕದ ಕಾರ್ಖಾನೆ) ಕಾರ್ಮಿಕರ ಮುಷ್ಕರ ಇಟ್ಕೊಂಡು ಮಾಡೋಣ ಅಂದೆ. ಹಿರಿಯರೊಬ್ಬರು ಒಪ್ಪಲಿಲ್ಲ. "ಅಲ್ಲಿಂದ ಉಳಿದಿದ್ದು 'ಸಿಜ್ವೆ ಬಾನ್ಸಿ ಈಸ್ ಡೆಡ್' ಥರದ ವೃತ್ತಿನಟರ ನಾಟಕ ಮಾತ್ರ. ಯೂನಿಯನ್ ಸಭೆಯಲ್ಲಿ ಆಡಿದ್ದು ಭಾಷಣ, ನಾಟಕ ಅಲ್ಲ" ಅಂದರು.

ನಾನು ಹೇಳಿದ್ದು 1980ರ 'ಇಲಾಂಗಾ ಲಿಝೊಫುಮೆಲಾ ಅಬಸೆಬೆಂಝಿ' ಬಗ್ಗೆ, ಅಂದರೆ 'ಕಾರ್ಮಿಕರಿಗಾಗಿ ಸೂರ್ಯ ಹುಟ್ಟುತ್ತಾನೆ'. ಜೋಹಾನ್ಸ್‌ಬರ್ಗ್‌ ಪೂರ್ವದ ಕೈಗಾರಿಕಾ ಪ್ರದೇಶದ ಫೌಂಡ್ರಿ ಕಾರ್ಮಿಕರ ಮೇಲೆ ಕಾನೂನುಬಾಹಿರ ಮುಷ್ಕರದ ಕೇಸು ಬಿತ್ತು. ಅವತ್ತು ಏನಾಯ್ತು ಅಂತ ಅವರ ವಕೀಲ ಹಾಲ್ಟನ್ ಚೀಡಲ್ ಕೇಳಿದರೆ ಒಬ್ಬೊಬ್ಬರದು ಒಂದೊಂದು ಥರ. ಕೊನೆಗೆ, ನಡೆದಿದ್ದನ್ನ ಆಡಿ ತೋರಿಸಿ ಅಂದರು. ಆ ಆಟವೇ ಬೆಳೆದು ನಾಟಕ ಆಯ್ತು. ಜಂಕ್ಷನ್ ಅವೆನ್ಯೂ ನಾಟಕ ತಂಡದವರು ಜೊತೆಗೆ ನಿಂತರು. ಆರೋಪಿಗಳೇ ನಟರು. ಇದು ನಾಟಕ ಅಲ್ವಾ?

ನೇಪಥ್ಯ
ನಿಮ್ಮ ಹಿರಿಯರ ಪರ ಅರ್ಧ ವಾದ ನಾನು ಮಾಡ್ತೀನಿ. 1972ರಲ್ಲಿ ನಾಟಕಕಾರ ಅಥೋಲ್ ಫ್ಯೂಗಾರ್ಡ್, ನಟರಾದ ಜಾನ್ ಕಾನಿ, ವಿನ್‌ಸ್ಟನ್ ಎನ್‌ಟ್ಶೋನಾ ಸೇರಿ ಕಟ್ಟಿದ 'ಸಿಜ್ವೆ ಬಾನ್ಸಿ'ಯಲ್ಲೂ ಕಾರ್ಖಾನೆ ಇದೆ. ಫೋರ್ಡ್ ಕಾರ್ಖಾನೆಗೆ ದೊಡ್ಡ ಧಣಿ ಬರ್ತಾನೆ ಅಂತ ಬಿಳಿ ಮೇಸ್ತ್ರಿ ಆರ್ಡರ್ ಕೊಡ್ತಾನೆ. ಅದನ್ನ ಕಾರ್ಮಿಕರಿಗೆ ಅನುವಾದ ಮಾಡೋ ಸ್ಟೈಲ್ಸ್ ಅನ್ನೋ ಕಾರ್ಮಿಕ, ಮೇಸ್ತ್ರಿಯ ಎದುರಲ್ಲೇ ನಿಂತು ಬೇರೇನೇ ಹೇಳ್ತಾನೆ. ನಗುವಿನ ಮುಖವಾಡ ಹಾಕ್ಕೊಳ್ಳಿ, ಒಳಗಿರೋದು ಒಳಗೇ ಇರಲಿ ಅಂತ. ಆ ಒಂದು ದೃಶ್ಯದಲ್ಲಿ ಇಡೀ ವ್ಯವಸ್ಥೆ ಬೆತ್ತಲಾಗುತ್ತೆ. ಇದಕ್ಕೆ ಕಸುಬು ಬೇಕು. ನೋವು ಅನುಭವಿಸಿದವರೆಲ್ಲ ನೋವನ್ನ ರಂಗದ ಮೇಲೆ ತರಬಲ್ಲರು ಅನ್ನೋದನ್ನ ನಾನು ನಂಬಲ್ಲ.

ಎರಕದವ_ಬೆಳಗಾವಿ
ಸರ್, ನಾಟಕದ್ದು ನನಗ ಜಾಸ್ತಿ ಗೊತ್ತಿಲ್ಲ. ಫೌಂಡ್ರ್ಯಾಗ 11 ವರ್ಷ ಆತು, ಅದರದ್ದು ಗೊತ್ತೈತಿ. ಎರಡು ವರ್ಷದ ಹಿಂದ ನಮ್ಮಲ್ಲಿ ಕಾಯ್ದ ಕಬ್ಬಿಣ ಸಿಡದು ಒಬ್ಬ ಹುಡುಗನ ಕಾಲು ಸುಟ್ಟಿತ್ತು. ವಿಚಾರಣಿಗೆ ಬಂದ ಸಾಹೇಬ್ರು "ನೀ ಎಲ್ಲಿದ್ದಿ, ಎಷ್ಟು ದೂರ, ಯಾರು ಮೊದಲ ಕೂಗಿದ್ರು" ಅಂತ ಕೇಳಿದ್ರು. ನನ್ನ ಬಾಯಿಂದ ಮಾತs ಹೊರಡಲಿಲ್ಲ. ಅದs ಜಾಗಾಕ್ಕ ಹೋಗಿ ಖಾಲಿ ಲ್ಯಾಡಲ್ (ಕಾಯ್ದ ಕಬ್ಬಿಣ ಹೊಯ್ಯು ಸೌಟು) ಕೈಯಾಗ ಹಿಡದ ಕೂಡ್ಲೆ ಎಡಗಾಲು ತಾನs ಹಿಂದ ಸರೀತು. ಅವತ್ತೂ ಹಂಗs ಸರದಿತ್ತು. ಎಲ್ಲಾ ನೆನಪಾತು. ಆ ವಕೀಲ ಕೇಳಿದ್ದು ಬರೋಬ್ಬರಿ ಐತಿ.

ಸಹನಾ_ಮೈಸೂರು
ಅಣ್ಣ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಆದರೆ ಒಂದು ವ್ಯತ್ಯಾಸ ಮರೀಬಾರದು. ಅಲ್ಲಿ ಕರಿಯ ಕಾರ್ಮಿಕ ದಶಕಗಳ ಕಾಲ ಕಾನೂನಿನ ಲೆಕ್ಕದಲ್ಲಿ 'ನೌಕರ'ನೇ ಆಗಿರಲಿಲ್ಲ. ಕರಿಯರ ಯೂನಿಯನ್‌ಗಳಿಗೆ ಮಾನ್ಯತೆಯ ಬಾಗಿಲು ತೆರೆದಿದ್ದು 1979ರಲ್ಲಿ. ಪಾಸ್‌ಬುಕ್ಕಿಗೆ (ಕರಿಯರು ಸದಾ ಜೊತೆಗಿಟ್ಕೊಳ್ಳಬೇಕಿದ್ದ ಗುರುತಿನ ಪುಸ್ತಕ) ಸೀಲ್ ಬೀಳದಿದ್ದರೆ ಕೆಲಸ ಇಲ್ಲ, ಆ ಊರಲ್ಲಿ ಇರೋ ಹಾಗೂ ಇಲ್ಲ. ಹೆಣದ ಜೇಬಲ್ಲಿ ಸಿಕ್ಕ ಪಾಸ್‌ಬುಕ್ಕಿಗಾಗಿ ಸಿಜ್ವೆ ತನ್ನ ಹೆಸರನ್ನೇ ಬಿಡಬೇಕಾಗುತ್ತೆ. ಅಂಥ ದೇಶದಲ್ಲಿ "ಇದು ನನಗೆ ಆಗಿದ್ದು" ಅಂತ ನಾಲ್ಕು ಜನರೆದುರು ಎದ್ದು ನಿಲ್ಲೋದೇ ಅಪರಾಧದ ಹತ್ತಿರ. ನಟನೆ ಎಷ್ಟು ಚೆನ್ನಾಗಿತ್ತು ಅಂತ ಆಮೇಲೆ ಕೇಳೋಣ.

ನೇಪಥ್ಯ
ಒಪ್ಪಿದೆ ಸಹನಾ, ಆದರೆ ಅಪಾಯ ವೃತ್ತಿನಟರಿಗೂ ಇತ್ತು. 1976ರಲ್ಲಿ ಕರಿಯರಿಗೆಂದು ಬೇರೆ ಮಾಡಿದ್ದ ಪ್ರದೇಶವಾದ ಟ್ರಾನ್ಸ್‌ಕೈನಲ್ಲಿ 'ಸಿಜ್ವೆ ಬಾನ್ಸಿ' ಆಡಿದ್ದಕ್ಕೆ ಕಾನಿ, ಎನ್‌ಟ್ಶೋನಾ ಇಬ್ಬರನ್ನೂ ಬಂಧಿಸಿದರು. ಅದಕ್ಕೆ ಹಿಂದಿನ ವರ್ಷ ತಾನೇ ನ್ಯೂಯಾರ್ಕ್‌ನಲ್ಲಿ ಟೋನಿ ಪ್ರಶಸ್ತಿ ಪಡೆದಿದ್ದವರು. ಧೈರ್ಯ ಬೇರೆ, ಕಲೆ ಬೇರೆ. ನನ್ನ ಪ್ರಶ್ನೆ ಕಲೆಯದ್ದು.

ಬಣ್ಣದಮನೆ
ಸರ್, ಕಲೆ ಯಾರ ಮುಂದೆ ಅನ್ನೋದೂ ಪ್ರಶ್ನೆ ತಾನೇ? 1983ರಲ್ಲಿ ಡರ್ಬನ್‌ನ ಡನ್ಲಪ್ ಟೈರ್ ಕಾರ್ಖಾನೆಯವರು ತಮ್ಮದೇ ನಾಟಕ ಕಟ್ಟಿದರು. ನೋಡಿದವರು ಅವರಂಥ ಕಾರ್ಮಿಕರೇ. ಆ ಪ್ರೇಕ್ಷಕನಿಗೆ ಮೇಸ್ತ್ರಿ ಹೇಗೆ ಬೈತಾನೆ ಅಂತ ವಿವರಿಸೋದು ಬೇಕಿಲ್ಲ. ಒಂದು ತಪ್ಪು ಹೆಜ್ಜೆ ಇಟ್ಟರೂ ಅವನಿಗೆ ಗೊತ್ತಾಗುತ್ತೆ. ಅಷ್ಟು ಕಟ್ಟುನಿಟ್ಟಿನ ವಿಮರ್ಶಕ ನಮಗೆ ಎಲ್ಲಿ ಸಿಗ್ತಾನೆ?

ಇನ್ನೊಂದು ಹೇಳಲೇಬೇಕು. 1985ರಲ್ಲಿ ಹೋವಿಕ್‌ನ ಬಿಟಿಆರ್ ಸಾರ್ಮ್‌ಕೋಲ್ ರಬ್ಬರ್ ಕಾರ್ಖಾನೆ ಮುಷ್ಕರಕ್ಕೆ ಇಳಿದವರನ್ನೆಲ್ಲ ಕೆಲಸದಿಂದ ತೆಗೀತು. ಹತ್ತಿರದ ಮ್ಪೊಫೊಮೆನಿ ಬಡಾವಣೆಯಲ್ಲಿದ್ದ ಆ ಕಾರ್ಮಿಕರು 'ದಿ ಲಾಂಗ್ ಮಾರ್ಚ್' ಅಂತ ನಾಟಕ ಮಾಡಿ ಊರೂರಿಗೆ ಹೋದರು. ಅದರ ನಟರಲ್ಲಿ ಒಬ್ಬ ಸೈಮನ್ ಎನ್‌ಗುಬಾನೆ. 1986ರ ಡಿಸೆಂಬರ್‌ನಲ್ಲಿ ಅವನನ್ನೂ ಕಾರ್ಮಿಕ ಮುಖಂಡ ಫಿನಿಯಾಸ್ ಸಿಬಿಯಾನನ್ನೂ ಎತ್ಕೊಂಡು ಹೋಗಿ ಕೊಂದರು. ಕೊಂದವರು ಜುಲು ರಾಜಕೀಯ ಸಂಘಟನೆ ಇಂಕಾಥಾದವರು. ಉಳಿದವರು ನಾಟಕ ಬಿಡಲಿಲ್ಲ ಸರ್, ಮುಂದೆ 'ಬಂಬಾಥಾಸ್ ಚಿಲ್ಡ್ರನ್' ಅಂತ ಇನ್ನೊಂದು ಕಟ್ಟಿದರು.

ನೇಪಥ್ಯ
ಸೈಮನ್ ವಿಷಯ ನನಗೆ ಗೊತ್ತಿರಲಿಲ್ಲ. ನಿಮ್ಮ ಹಿರಿಯರ 'ಭಾಷಣ' ಅನ್ನೋ ಮಾತಿನ ಪರ ಇನ್ನು ನಿಲ್ಲಲ್ಲ. ಆದರೂ ನೀವು ಆಡೋದಾದರೆ ತಾಲೀಮು ಗಟ್ಟಿಯಾಗಿರಲಿ. ಫೌಂಡ್ರಿ ಒಳಗೆ ಕಾಲಿಡದ ನಟರು ಎರಕ ಹೊಯ್ಯೋ ಹಾಗೆ ಕೈ ಆಡಿಸಿದರೆ ಅದು ಆ ಕಾರ್ಮಿಕರಿಗೇ ಅವಮಾನ.

ಎರಕದವ_ಬೆಳಗಾವಿ
ಆದಿತ್ಯವಾರ ನಮಗ ಸೂಟಿ ಇರ್ತೈತ್ರಿ. ನಿಮ್ಮ ಹುಡುಗರನ್ನ ಕರಕೊಂಡು ಬರ್ರಿ. ಲ್ಯಾಡಲ್ ಎಷ್ಟು ವಜ್ಜಾ ಇರ್ತೈತಿ, ಇಬ್ಬರು ಹೆಂಗ ಹೆಜ್ಜಿ ಕೂಡಿಸಿ ನಡೀಬೇಕು, ನಾ ತೋರಸ್ತೀನಿ. ಅವರಿಗೆ ಚಪ್ಪಲಿ ಬ್ಯಾಡ, ಬೂಟು ಹಾಕ್ಕೊಂಡು ಬರಾಕ ಹೇಳ್ರಿ.