ಶೂ ಸೆನ್ಸರ್ ಮೇಜಿನ ಮೇಲೆ ಸರಿ, ಕಾಲಿಗೆ ಹಾಕಿದರೆ ತಪ್ಪು ಲೆಕ್ಕ: ಯಾಕೆ?

ಪ್ರಶ್ನೆ (ವಿದ್ಯಾರ್ಥಿ, ದಾವಣಗೆರೆ): ಮೇಡಂ, ನಮಸ್ಕಾರ. ಲಕ್ವ ಹೊಡೆದವರ ನಡಿಗೆ ಅಳೆಯುವ ಶೂ ನಮ್ಮ ಕೊನೇ ವರ್ಷದ ಪ್ರಾಜೆಕ್ಟ್. ಇನ್‌ಸೋಲ್‌ನಲ್ಲಿ ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡಕ್ಕೆ ಒಂದೊಂದು ಎಫ್‌ಎಸ್‌ಆರ್ ಒತ್ತಡ ಸೆನ್ಸರ್ (ಒತ್ತಿದಷ್ಟೂ ರೆಸಿಸ್ಟೆನ್ಸ್, ಅಂದರೆ ವಿದ್ಯುತ್ ರೋಧ, ಇಳಿಯುವಂಥದ್ದು) ಇದೆ. ಶೂ ಮೇಲೆ ಒಂದು ಐಎಂಯು (ವೇಗೋತ್ಕರ್ಷ, ತಿರುಗುವಿಕೆ ಅಳೆಯುವ ಸೆನ್ಸರ್). ಮೇಜಿನ ಮೇಲೆ ತೂಕದ ಬಟ್ಟು ಇಟ್ಟಾಗ ಲೆಕ್ಕ ಸರಿ ಬಂತು. ಶೂ ಹಾಕಿ ನಡೆದರೆ ಕಾಲು ಗಾಳಿಯಲ್ಲಿದ್ದಾಗಲೂ ಒತ್ತಡ ತೋರಿಸುತ್ತದೆ. ಸೆನ್ಸರ್ ಹಾಳಾಗಿದೆಯಾ?

ಉತ್ತರ (ಬಯೋಮೆಡಿಕಲ್ ಇಂಜಿನಿಯರ್): ಹಾಳಾಗಿಲ್ಲ. ಲೇಸ್ ಬಿಗಿದ ಕೂಡಲೇ ಪಾದ ಇನ್‌ಸೋಲ್ ಮೇಲೆ ಒತ್ತುತ್ತದೆ. ಎಫ್‌ಎಸ್‌ಆರ್ ಬಾಗಿದರೂ ಸಿಗ್ನಲ್ ಕೊಡುತ್ತದೆ. ಮೇಜಿನ ಮೇಲೆ ಇವೆರಡೂ ಇರಲಿಲ್ಲ, ಅಲ್ವಾ? ಹಾಗಾಗಿ ಕಾಲಿಗೆ ಹಾಕಿದ ಮೇಲೇ ಕ್ಯಾಲಿಬ್ರೇಟ್ ಮಾಡಿ, ಅಂದರೆ ರೀಡಿಂಗನ್ನು ಗೊತ್ತಿರುವ ಭಾರಕ್ಕೆ ತಾಳೆ ಹಾಕಿ. ಲೇಸ್ ಕಟ್ಟಿ, ಎತ್ತರದ ಬೆಂಚಿನ ಮೇಲೆ ಕೂತು ಕಾಲು ಇಳಿಬಿಡಿ. ಆಗ ಬರುವ ರೀಡಿಂಗ್ ನಿಮ್ಮ ಸೊನ್ನೆ. ವ್ಯಕ್ತಿ ಬದಲಾದರೆ, ಲೇಸ್ ಬಿಚ್ಚಿ ಕಟ್ಟಿದರೆ, ಸೊನ್ನೆ ಮತ್ತೆ ತೆಗೆಯಬೇಕು.

ಆಮೇಲೆ ಆ ಕಾಲನ್ನು ತೂಕದ ಯಂತ್ರದ ಮೇಲಿಟ್ಟು ನಿಧಾನಕ್ಕೆ ಭಾರ ಹಾಕುತ್ತಾ ಹೋಗಿ, ಎರಡೂ ರೀಡಿಂಗ್ ಬರೆದುಕೊಳ್ಳಿ. ಭಾರ ಇಳಿಸುವಾಗಲೂ ಬರೆದುಕೊಳ್ಳಿ. ಏರುವ ಗೆರೆ, ಇಳಿಯುವ ಗೆರೆ ಒಂದೇ ಆಗುವುದಿಲ್ಲ. ಒಂದೇ ಭಾರ ಜಾಸ್ತಿ ಹೊತ್ತು ಇಟ್ಟರೂ ರೀಡಿಂಗ್ ಜರುಗುತ್ತದೆ. ಗ್ರಾಫ್‌ಗೆ ರೆಸಿಸ್ಟೆನ್ಸ್ ಬೇಡ, ಕಂಡಕ್ಟೆನ್ಸ್ (1 ಭಾಗಿಸು ರೆಸಿಸ್ಟೆನ್ಸ್) ಹಾಕಿ. ಗೆರೆ ಸುಮಾರಾಗಿ ನೇರ ಬರುತ್ತದೆ.

ಆದರೆ ಮೂರು ಸೆನ್ಸರ್ ಇಡೀ ಪಾದದ ಭಾರ ಹಿಡಿಯಲಾರವು. ದಯವಿಟ್ಟು ರಿಪೋರ್ಟ್‌ನಲ್ಲಿ ಕಿಲೋ ಲೆಕ್ಕ ಬರೆಯಬೇಡಿ. ಹಿಮ್ಮಡಿ ಯಾವಾಗ ನೆಲಕ್ಕೆ ತಾಗಿತು, ಬೆರಳು ಯಾವಾಗ ಬಿಟ್ಟಿತು, ಅದನ್ನು ಇವು ಚೆನ್ನಾಗಿ ಹೇಳುತ್ತವೆ. ಆರೋಗ್ಯವಂತರಲ್ಲಿ ಒಂದು ನಡಿಗೆ ಚಕ್ರದ (ಒಂದು ಹಿಮ್ಮಡಿ ನೆಲಕ್ಕೆ ತಾಗಿದಾಗಿನಿಂದ ಅದೇ ಹಿಮ್ಮಡಿ ಮತ್ತೆ ತಾಗುವವರೆಗೆ) ಸುಮಾರು 60% ಹೊತ್ತು ಪಾದ ನೆಲದ ಮೇಲಿರುತ್ತದೆ, 40% ಗಾಳಿಯಲ್ಲಿ. ಲಕ್ವ ಆದವರು ಸಾಮಾನ್ಯವಾಗಿ ಸೋತ ಕಾಲಿನ ಮೇಲೆ ಕಡಿಮೆ ಹೊತ್ತು ನಿಲ್ಲುತ್ತಾರೆ. ಡಾಕ್ಟರಿಗೆ ಬೇಕಾದದ್ದು ಈ ವ್ಯತ್ಯಾಸ.

ಪ್ರಶ್ನೆ: ಐಎಂಯು ಕೊಡುವ ದೂರ ನಡೆದಷ್ಟೂ ತಪ್ಪುತ್ತಾ ಹೋಗುತ್ತದೆ ಮೇಡಂ.

ಉತ್ತರ: ದೂರ ಪಡೆಯಲು ವೇಗೋತ್ಕರ್ಷವನ್ನು ಎರಡು ಸಲ ಇಂಟಿಗ್ರೇಟ್ ಮಾಡಿದರೆ (ಕ್ಷಣಕ್ಷಣದ ಬೆಲೆ ಕೂಡಿಸುತ್ತಾ ಹೋದರೆ) ಸಣ್ಣ ತಪ್ಪೂ ಬೆಳೆಯುತ್ತದೆ. ಮೊದಲು ಸೆನ್ಸರನ್ನು ಆರೂ ಮುಖದ ಮೇಲೆ ಅಲುಗಾಡದಂತೆ ಇಟ್ಟು ನೋಡಿ. ಮೇಲ್ಮುಖವಾದ ಅಕ್ಷದಲ್ಲಿ 9.8 ಮೀ/ಸೆ² (ಗುರುತ್ವದ ವೇಗೋತ್ಕರ್ಷ) ಬರಬೇಕು, ತಿರುಗಿಸಿದರೆ ಮೈನಸ್ 9.8. ಗೈರೋದ (ತಿರುಗುವ ವೇಗ ಅಳೆಯುವ ಭಾಗದ) ಸೊನ್ನೆಯನ್ನೂ ಆಗಲೇ ತೆಗೆಯಿರಿ. ನಡೆಯುವಾಗ ಪಾದ ನೆಲಕ್ಕೆ ಪೂರ್ತಿ ಕೂತ ಕ್ಷಣದಲ್ಲಿ ವೇಗ ಸೊನ್ನೆ ಎಂದು ಪ್ರತಿ ಹೆಜ್ಜೆಗೂ ತಿದ್ದಿ.

ಇನ್ನೊಬ್ಬರು (ಫಿಸಿಯೋಥೆರಪಿಸ್ಟ್): ಪಾದ ಎಳೆದುಕೊಂಡು ನಡೆಯುವವರಲ್ಲಿ ಇದು ಕೈಕೊಡಬಹುದು. ಅವರ ಕಾಲು ನೆಲ ಬಿಡುವುದೇ ಕಡಿಮೆ.

ಉತ್ತರ: ನಿಜ ಸರ್, ನಾನು ಹೇಳಬೇಕಿದ್ದ ಮಾತು. ಇಂಥವರಿಗೆ ಕಾಲೇಜಿನ ಹುಡುಗರ ಮೇಲೆ ಹಿಡಿದ ಥ್ರೆಶೋಲ್ಡ್ (ಪಾದ ಕೂತಿದೆ ಎಂದು ತೀರ್ಮಾನಿಸುವ ಮಿತಿ) ನಡೆಯುವುದಿಲ್ಲ. ಒಬ್ಬೊಬ್ಬರಿಗೂ ಬೇರೆಯಾಗಿ ಹಿಡಿಯಬೇಕು.

ಪ್ರಶ್ನೆ: ಕುಂದವಾಡ ಕೆರೆ ದಾರಿಯಲ್ಲಿ ಟೆಸ್ಟ್ ಮಾಡಬಹುದಾ?

ಉತ್ತರ: ನಿಮ್ಮ ಗೆಳೆಯರ ಮೇಲೆ ಮಾಡಿ. ನಮ್ಮೂರ ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಹೋಗಿ. ಶಾಖ, ಬೆವರು ಎರಡಕ್ಕೂ ರೀಡಿಂಗ್ ಬದಲಾಗುತ್ತದೆ. ಸ್ವಲ್ಪ ದೂರ ನಡೆದು ಶೂ ಬೆಚ್ಚಗಾದ ಮೇಲೆ ಸೊನ್ನೆ ತೆಗೆಯಿರಿ, ಮುಗಿದ ಮೇಲೆ ಇನ್ನೊಮ್ಮೆ. ಜೊತೆಗೆ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ. ಸೆಕೆಂಡಿಗೆ 240 ಫ್ರೇಮ್ ಇದ್ದರೆ ಫ್ರೇಮಿಗೆ ಸುಮಾರು 4 ಮಿಲಿಸೆಕೆಂಡ್, ಹೆಜ್ಜೆಯ ಹೊತ್ತು ತಾಳೆ ನೋಡಲು ಸಾಕು. ರೋಗಿಗಳನ್ನು ಮಾತ್ರ ಕೆರೆ ಹತ್ತಿರ ಕರೆದೊಯ್ಯಬೇಡಿ. ಆಸ್ಪತ್ರೆಯ ಎಥಿಕ್ಸ್ ಕಮಿಟಿ ಒಪ್ಪಿಗೆ ಪಡೆದು, ಒಳಗಡೆ, ಫಿಸಿಯೋ ಪಕ್ಕದಲ್ಲಿ ಇರುವಾಗಲೇ ನಡೆಸಿ.